ಗಿರಾಕಿ ಕೇಳಿದ್ದನ್ನೇ ಬರೆಯಿರಿ

ದುಬೈ, ಶಾರ್ಜಾ, ಅಜ್ಮಾನ್‌ಗಳಲ್ಲಿ ದುಡಿಯುವ ಕನ್ನಡಿಗರೆಲ್ಲ ದೊಡ್ಡ ಕಂಪನಿಗಳಲ್ಲಿಲ್ಲ. ಎಂಟು-ಹತ್ತು ಜನರ ಎ.ಸಿ. ದುರಸ್ತಿ ಸಂಸ್ಥೆ, ಪ್ರಿಂಟಿಂಗ್ ಪ್ರೆಸ್, ಕಾರ್ಗೋ ಕಚೇರಿ, ಕೇಟರಿಂಗ್ ಅಡುಗೆಮನೆ ಇಂಥ ಕಡೆಗಳಲ್ಲಿ ನಮ್ಮವರು ಬಹಳ ಮಂದಿ ಇದ್ದಾರೆ. ಇಲ್ಲಿ ವೀಸಾ ಎಂಬುದು ಕೆಲಸಕ್ಕೆ ಅಂಟಿಕೊಂಡಿರುತ್ತದೆ. ಕಂಪನಿಗೆ ಗಿರಾಕಿ ಕಡಿಮೆಯಾದರೆ ಮೊದಲು ಸಂಬಳ ತಡವಾಗುತ್ತದೆ. ಆಮೇಲೆ ವೀಸಾ ನವೀಕರಣದ ಮಾತು ಮುಂದಕ್ಕೆ ಹೋಗುತ್ತದೆ. ಕೊನೆಗೆ ಊರಿಗೆ ಹೋಗುವ ಹಣ ನಿಲ್ಲುತ್ತದೆ. ಹಾಗಾಗಿ ಸಣ್ಣ ಕಂಪನಿಗೆ ಗಿರಾಕಿ ಎಲ್ಲಿಂದ ಬರುತ್ತಾರೆ ಎಂಬುದು ಮಾಲೀಕರೊಬ್ಬರದೇ ಚಿಂತೆಯಲ್ಲ, ಕುಂದಾಪುರದಲ್ಲೋ ಭಟ್ಕಳದಲ್ಲೋ ತಿಂಗಳ ಮೊದಲ ವಾರ ಕಾಯುವ ಮನೆಯ ಚಿಂತೆಯೂ ಹೌದು.

ಲೆಕ್ಕ ಬರೆಯುವುದು ನನ್ನ ವೃತ್ತಿ. ಸಣ್ಣ ಕಂಪನಿಗಳ ಪುಸ್ತಕಗಳಲ್ಲಿ ‘ಜಾಹೀರಾತು’ ಎಂಬ ಖಾತೆ ಈಗ ಮುಖ್ಯವಾಗಿ ಇಂಟರ್ನೆಟ್ ಜಾಹೀರಾತಿನದು. ಗೂಗಲ್ ಹುಡುಕಾಟದಲ್ಲಿ ಮೇಲೆ ಕಾಣಿಸುವ ಜಾಹೀರಾತಿನ ಮೇಲೆ ಯಾರಾದರೂ ಬೆರಳಿಟ್ಟರೆ ಸಾಕು, ಕಂಪನಿಯ ಖಾತೆಯಿಂದ ಹಣ ಕಡಿತವಾಗುತ್ತದೆ. ಬೆರಳಿಟ್ಟವರು ಗಿರಾಕಿಯಾದರೂ ಅಷ್ಟೇ, ಆಗದಿದ್ದರೂ ಅಷ್ಟೇ. ಹಣ ಕಟ್ಟುವುದು ನಿಂತ ದಿನ ಹೆಸರೂ ಮಾಯ. ಇದು ಬಾಡಿಗೆ ಮನೆಯ ಹಾಗೆ. ಎಷ್ಟು ವರ್ಷ ಕಟ್ಟಿದರೂ ಗೋಡೆ ನಮ್ಮದಾಗುವುದಿಲ್ಲ.

ಇದಕ್ಕೆ ಜೊತೆಯಾಗಿ ಇನ್ನೊಂದು ದಾರಿಯಿದೆ. ಗಿರಾಕಿಗಳು ದಿನವೂ ಕೇಳುವ ಪ್ರಶ್ನೆಗಳಿಗೆ ಪ್ರಾಮಾಣಿಕವಾದ ಉತ್ತರ ಬರೆದು ಕಂಪನಿಯ ಜಾಲತಾಣದಲ್ಲಿ ಹಾಕುವುದು.

ಹಳೆಯ ವಿದ್ಯೆಯೇ

ಇದು ಇಂಟರ್ನೆಟ್ ಕಾಲದ ಕಂಡುಹಿಡಿಕೆ ಅಲ್ಲ. ಟ್ರ್ಯಾಕ್ಟರ್ ಕಂಪನಿ ಜಾನ್ ಡೀರ್ 1895ರಲ್ಲೇ ರೈತರಿಗಾಗಿ ‘ದಿ ಫರೋ’ ಎಂಬ ಪತ್ರಿಕೆ ಆರಂಭಿಸಿತು. ಟಯರ್ ತಯಾರಿಸುವ ಮಿಶೆಲಿನ್ 1900ರಲ್ಲಿ ಕಾರು ಓಡಿಸುವವರಿಗೆ ಮಾರ್ಗದರ್ಶಿ ಪುಸ್ತಕವನ್ನು ಉಚಿತವಾಗಿ ಹಂಚಿತು.

ಇಂಟರ್ನೆಟ್ಟಿನಲ್ಲಿ ಇದರ ಬಲ ತೋರಿಸಿದ್ದು ಅಮೆರಿಕದ ವರ್ಜೀನಿಯಾದ ಸಣ್ಣ ಕಂಪನಿಯೊಂದು. ಹೆಸರು ರಿವರ್ ಪೂಲ್ಸ್. ಮನೆಯಂಗಳದಲ್ಲಿ ಈಜುಕೊಳ ಕೂರಿಸುವುದು ಅದರ ಕೆಲಸ. 2008ರ ಆರ್ಥಿಕ ಕುಸಿತದಲ್ಲಿ ಕಂಪನಿ ಮುಳುಗುವ ಹಂತಕ್ಕೆ ಬಂತು. ಜಾಹೀರಾತಿಗೆ ಹಣವಿರಲಿಲ್ಲ. ಪಾಲುದಾರರಲ್ಲಿ ಒಬ್ಬರಾದ ಮಾರ್ಕಸ್ ಶೆರಿಡನ್ ಗಿರಾಕಿಗಳು ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ಪಟ್ಟಿ ಮಾಡಿ ಒಂದೊಂದಕ್ಕೂ ಉತ್ತರ ಬರೆದು ಜಾಲತಾಣದಲ್ಲಿ ಹಾಕತೊಡಗಿದರು. ‘ಫೈಬರ್‌ಗ್ಲಾಸ್ ಈಜುಕೊಳಕ್ಕೆ ಎಷ್ಟು ಖರ್ಚಾಗುತ್ತದೆ?’ ಎಂಬುದಕ್ಕೂ, ‘ಅದರಲ್ಲಿ ಬರುವ ತೊಂದರೆಗಳೇನು?’ ಎಂಬುದಕ್ಕೂ ಮುಚ್ಚುಮರೆಯಿಲ್ಲದೆ ಬರೆದರು. ಬೆಲೆ ಹೇಳಿದರೆ ಗಿರಾಕಿ ಓಡಿಹೋಗುತ್ತಾನೆ ಎಂಬ ಭಯದಲ್ಲಿ ಉಳಿದ ಕಂಪನಿಗಳು ಸುಮ್ಮನಿದ್ದವು. ಹಾಗಾಗಿ ಹುಡುಕಿದವರಿಗೆಲ್ಲ ಇವರ ಲೇಖನವೇ ಸಿಕ್ಕಿತು. ಕಂಪನಿ ಉಳಿಯಿತು, ಬೆಳೆಯಿತು.

ನಮ್ಮ ಬೆಂಗಳೂರಿನಲ್ಲೇ ಉದಾಹರಣೆಯಿದೆ. 2010ರಲ್ಲಿ ಆರಂಭವಾದ ಷೇರು ದಲ್ಲಾಳಿ ಕಂಪನಿ ಝೆರೋಧಾ, ಜಾಹೀರಾತಿನ ಮೇಲೆ ನಿಂತು ಬೆಳೆದ ಕಂಪನಿಯಲ್ಲ. ಷೇರು ಮಾರುಕಟ್ಟೆಯನ್ನು ಮೊದಲ ಪಾಠದಿಂದ ಕಲಿಸುವ ‘ವಾರ್ಸಿಟಿ’ ಎಂಬ ಪಾಠಮಾಲೆಯನ್ನು ಅದು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಓದಿ ಕಲಿತವರಿಗೆ ಖಾತೆ ತೆರೆಯುವಾಗ ಯಾವ ಹೆಸರು ನೆನಪಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

3.75 ಲಕ್ಷದ ಗೊಂದಲ

ನನ್ನ ಕ್ಷೇತ್ರದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಯುಎಇಯಲ್ಲಿ 2018ರ ಜನವರಿ 1ರಿಂದ ಶೇ 5ರ ವ್ಯಾಟ್ ಇದೆ. ತೆರಿಗೆಗೆ ಒಳಪಡುವ ವಾರ್ಷಿಕ ವಹಿವಾಟು 3,75,000 ದಿರ್ಹಂ ದಾಟಿದರೆ ವ್ಯಾಟ್ ನೋಂದಣಿ ಕಡ್ಡಾಯ. 2023ರ ಜೂನ್ 1ರಿಂದ ಕಂಪನಿಗಳ ಲಾಭದ ಮೇಲೂ ತೆರಿಗೆ ಬಂತು. ಲಾಭ 3,75,000 ದಿರ್ಹಂವರೆಗೆ ತೆರಿಗೆ ಸೊನ್ನೆ, ಅದಕ್ಕಿಂತ ಮೇಲಿನ ಭಾಗಕ್ಕೆ ಶೇ 9. ಎರಡೂ ಕಾನೂನಿನಲ್ಲಿ ಒಂದೇ ಅಂಕಿ. ಆದರೆ ಒಂದು ವಹಿವಾಟಿನದು, ಇನ್ನೊಂದು ಲಾಭದ್ದು.

ಇಲ್ಲೇ ಮಾಲೀಕರು ಎಡವುತ್ತಾರೆ. ‘ನನ್ನ ಲಾಭ ಅಷ್ಟಿಲ್ಲ, ಹಾಗಾಗಿ ನೋಂದಣಿಯೇ ಬೇಡವಲ್ಲ?’ ಎನ್ನುತ್ತಾರೆ. ಹಾಗಲ್ಲ. ತೆರಿಗೆ ಸೊನ್ನೆಯಾದರೂ ಕಂಪನಿ ನೋಂದಣಿ ಮಾಡಿಸಲೇಬೇಕು. ಗಡುವು ಮೀರಿದರೆ ದಂಡ 10,000 ದಿರ್ಹಂ. ಸಣ್ಣ ಕಂಪನಿಗೆ ಅದು ನೌಕರರ ಸಂಬಳದ ಹಣ.

ಈ ಒಂದು ಗೊಂದಲವನ್ನು ಬಿಡಿಸಿ, ಎರಡು ಅಂಕಿಗಳ ವ್ಯತ್ಯಾಸವನ್ನು ಒಂದು ಚಿಕ್ಕ ಕೋಷ್ಟಕದಲ್ಲಿ ತೋರಿಸಿ, ಐನೂರು ಪದಗಳ ಲೇಖನ ಬರೆದರೆ ಲೆಕ್ಕಪತ್ರ ಕಚೇರಿಯೊಂದಕ್ಕೆ ಅದಕ್ಕಿಂತ ದೊಡ್ಡ ಜಾಹೀರಾತು ಬೇಕಿಲ್ಲ. ‘ದುಬೈನ ಅತ್ಯುತ್ತಮ ಅಕೌಂಟಿಂಗ್ ಸಂಸ್ಥೆ’ ಎಂದು ನೂರು ಸಲ ಬರೆದರೆ ಯಾರೂ ನಂಬುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಅಂಗಡಿ ಮುಚ್ಚಿ ಫೋನಿನಲ್ಲಿ ಉತ್ತರ ಹುಡುಕುವ ಮಾಲೀಕನಿಗೆ ಸರಿಯಾದ ಉತ್ತರ ಕೊಟ್ಟವನ ಮೇಲೆ ನಂಬಿಕೆ ಹುಟ್ಟುತ್ತದೆ.

ಲೆಕ್ಕ ಏನು ಹೇಳುತ್ತದೆ?

ಒಂದು ಅಂದಾಜು ಲೆಕ್ಕ ನೋಡೋಣ. ಒಂದು ಕ್ಲಿಕ್ಕಿಗೆ 10 ದಿರ್ಹಂ ಎಂದಿಟ್ಟುಕೊಳ್ಳಿ. ನೂರು ಕ್ಲಿಕ್ಕಿಗೆ 1,000. ಅದರಲ್ಲಿ ಒಬ್ಬರು ಗಿರಾಕಿಯಾದರೆ ಒಬ್ಬ ಗಿರಾಕಿಗೆ ಬಿದ್ದ ಖರ್ಚು 1,000 ದಿರ್ಹಂ. ಇನ್ನು ಒಂದು ಲೇಖನಕ್ಕೆ ನೌಕರರೊಬ್ಬರ ಎಂಟು ಗಂಟೆ ಹಿಡಿಯಿತು, ಗಂಟೆಗೆ 50ರಂತೆ 400 ದಿರ್ಹಂ ಆಯಿತು, ತಿದ್ದುಪಡಿಗೆ ಇನ್ನೊಂದು 100 ಎನ್ನಿ. ಅದು ವರ್ಷದಲ್ಲಿ ಐದು ಜನರನ್ನು ಕರೆತಂದರೂ ಒಬ್ಬರಿಗೆ ಬಿದ್ದದ್ದು 100 ದಿರ್ಹಂ. ಮುಂದಿನ ವರ್ಷವೂ ಲೇಖನ ಅಲ್ಲೇ ಇರುತ್ತದೆ.

ತಮಾಷೆಯೆಂದರೆ ಲೆಕ್ಕಶಾಸ್ತ್ರ ಇದನ್ನು ಆಸ್ತಿ ಎಂದು ಒಪ್ಪುವುದಿಲ್ಲ. ಅಂತರರಾಷ್ಟ್ರೀಯ ಮಾನದಂಡ ಐಎಎಸ್ 38ರ ಪ್ರಕಾರ ಜಾಹೀರಾತು, ಪ್ರಚಾರದ ಖರ್ಚನ್ನು ಆಯಾ ವರ್ಷವೇ ಖರ್ಚಿಗೆ ಬರೆಯಬೇಕು. ಪ್ರಚಾರಕ್ಕಾಗಿ ಮಾಡಿದ ಜಾಲತಾಣಕ್ಕೂ ಅದೇ ನಿಯಮ. ಪುಸ್ತಕದಲ್ಲಿ ಬಾರದಿದ್ದರೂ ಫಲ ಮಾತ್ರ ಆಸ್ತಿಯದೇ.

ಆದರೆ ಇದು ತೆಂಗಿನ ಸಸಿ ನೆಟ್ಟ ಹಾಗೆ. ಮೊದಲ ತಿಂಗಳುಗಳಲ್ಲಿ ಏನೂ ಕಾಣದು. ನಾಳೆಯೇ ಗಿರಾಕಿ ಬೇಕಿದ್ದರೆ ಜಾಹೀರಾತೇ ಗತಿ. ಎರಡನ್ನೂ ಜೊತೆಗಿಟ್ಟುಕೊಂಡು, ಲೇಖನಗಳು ಫಲ ಕೊಟ್ಟಂತೆ ಜಾಹೀರಾತು ಇಳಿಸುವುದು ಜಾಣತನ.

ಹೇಗೆ ಮಾಡಬೇಕು?

ಫೋನ್ ಎತ್ತುವವರ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಡಿ. ಒಂದು ತಿಂಗಳು ಬಂದ ಪ್ರಶ್ನೆಗಳನ್ನು ಗಿರಾಕಿಯ ಮಾತಿನಲ್ಲೇ ಬರೆದುಕೊಳ್ಳಿ. ಹೆಚ್ಚು ಸಲ ಬಂದ ಹತ್ತು ಪ್ರಶ್ನೆಗಳೇ ಮೊದಲ ಹತ್ತು ಲೇಖನ. ಶೀರ್ಷಿಕೆ ಆ ಪ್ರಶ್ನೆಯೇ ಆಗಿರಲಿ. ಉತ್ತರ ಮೊದಲ ಪ್ಯಾರಾದಲ್ಲೇ ಬರಲಿ, ವಿವರ ಆಮೇಲೆ. ಖರ್ಚಿನ ಪ್ರಶ್ನೆಗೆ ‘ಕರೆ ಮಾಡಿ’ ಎನ್ನಬೇಡಿ, ಕನಿಷ್ಠ-ಗರಿಷ್ಠ ಹೇಳಿ, ಏಕೆ ಹೆಚ್ಚುಕಡಿಮೆ ಆಗುತ್ತದೆ ಎಂದು ತಿಳಿಸಿ.

ತಿಂಗಳಿಗೆ ಎರಡು ಲೇಖನ ಸಾಕು. ಯಂತ್ರದಿಂದ ನೂರಾರು ಲೇಖನ ಬರೆಸಿ ತುಂಬುವುದರಿಂದ ಲಾಭವಿಲ್ಲ. ಹುಡುಕಾಟದಲ್ಲಿ ಮೇಲೆ ಬರಲೆಂದೇ ರಾಶಿ ರಾಶಿ ಬರೆಸಿದ ಪುಟಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ತನ್ನ ಸ್ಪ್ಯಾಮ್ ನಿಯಮಗಳಡಿ ತಂದಿದೆ. ಬರೆದವರಿಗೆ ಆ ವಿಷಯದ ನೇರ ಅನುಭವವಿದೆಯೇ ಎಂಬುದಕ್ಕೂ ಅದರ ಗುಣಮಟ್ಟದ ಮಾರ್ಗಸೂಚಿಯಲ್ಲಿ ಸ್ಥಾನವಿದೆ. ಹತ್ತು ವರ್ಷ ಎ.ಸಿ. ಬಿಚ್ಚಿ ಜೋಡಿಸಿದ ನಮ್ಮ ಟೆಕ್ನೀಷಿಯನ್‌ಗೆ ಗೊತ್ತಿರುವುದು ಜಾಹೀರಾತು ಸಂಸ್ಥೆಯ ಹುಡುಗನಿಗೆ ಗೊತ್ತಿರುವುದಿಲ್ಲ. ಅವರು ಹೇಳಲಿ, ಬರೆಯಬಲ್ಲವರು ಬರೆಯಲಿ.

ಯಾವ ಪದ ಹುಡುಕಿ ಜನ ಬಂದರು ಎಂದು ತೋರಿಸುವ ‘ಗೂಗಲ್ ಸರ್ಚ್ ಕನ್ಸೋಲ್’ ಉಚಿತ. ಅದಕ್ಕಿಂತ ಸುಲಭದ ಅಳತೆ, ಹೊಸ ಗಿರಾಕಿಗೆ ‘ನಮ್ಮ ವಿಷಯ ಹೇಗೆ ತಿಳಿಯಿತು?’ ಎಂದು ಕೇಳಿ ರಿಜಿಸ್ಟರ್‌ನಲ್ಲಿ ಬರೆಯುವುದು.

ಹಳೆಯ ಲೇಖನವನ್ನು ಹಾಗೇ ಬಿಡುವುದು ಅಪಾಯ. ‘ಯುಎಇಯಲ್ಲಿ ಕಂಪನಿಗಳಿಗೆ ಆದಾಯ ತೆರಿಗೆ ಇಲ್ಲ’ ಎಂಬ ಮಾತು 2023ರವರೆಗೆ ಬಹುತೇಕ ಸರಿಯಿತ್ತು. ಇಂದು ಅದನ್ನು ಓದಿ ನಂಬಿದವರಿಗೆ ದಂಡ ಬೀಳುತ್ತದೆ, ಬರೆದ ಕಂಪನಿಯ ಹೆಸರೂ ಹೋಗುತ್ತದೆ. ಪ್ರತಿ ಲೇಖನದ ಮೇಲೆ ತಿದ್ದಿದ ದಿನಾಂಕ ಇರಲಿ.

ಮನೆಯವರಿಗೆ

ಇಲ್ಲಿರುವ ಕನ್ನಡಿಗ ಕುಟುಂಬಗಳಲ್ಲಿ ಓದಿ, ಬರೆಯುವ ಕೈಯಿದ್ದೂ ಮನೆಯಲ್ಲಿರುವ ಹೆಣ್ಣುಮಕ್ಕಳು ಬಹಳ. ಇಂಥ ಬರವಣಿಗೆ ಅವರಿಗೆ ಒಪ್ಪುವ ಕೆಲಸ. ಒಂದು ಎಚ್ಚರಿಕೆ: ಗಂಡನ ವೀಸಾದ ಮೇಲಿರುವವರು ಯುಎಇಯಲ್ಲಿ ಹಣ ಪಡೆದು ಕೆಲಸ ಮಾಡಲು ವರ್ಕ್ ಪರ್ಮಿಟ್ ಅಥವಾ ಫ್ರೀಲಾನ್ಸ್ ಪರ್ಮಿಟ್ ಬೇಕು. ಮೊದಲು ಅದನ್ನು ಮಾಡಿಸಿಕೊಳ್ಳಿ.

ಊರಿನಲ್ಲಿ ಅಣ್ಣ ಹೋಂಸ್ಟೇ ನಡೆಸುತ್ತಿದ್ದರೆ ಅಲ್ಲಿಗೂ ಇದೇ ಸೂತ್ರ. ‘ಪ್ರಕೃತಿಯ ಮಡಿಲಲ್ಲಿ’ ಎಂಬ ಮಾತು ಎಲ್ಲರ ಜಾಲತಾಣದಲ್ಲೂ ಇದೆ. ಬರುವವರು ಕೇಳುವುದು ಬೇರೆ: ಕೊನೆಯ ಮೂರು ಕಿಲೋಮೀಟರ್‌ನಲ್ಲಿ ಸಣ್ಣ ಕಾರು ಹೋಗುತ್ತದೆಯೇ? ಮಳೆಗಾಲದಲ್ಲಿ ಇಂಬಳದ ಕಾಟ ಎಷ್ಟು? ಯಾವ ಕಂಪನಿಯ ಸಿಮ್‌ಗೆ ನೆಟ್‌ವರ್ಕ್ ಸಿಗುತ್ತದೆ? ಅಜ್ಜಿ-ತಾತ ಮೆಟ್ಟಿಲು ಹತ್ತಬೇಕೇ? ಇದ್ದದ್ದನ್ನು ಇದ್ದಂತೆ ಬರೆದರೆ ಕೆಲವರು ಬರಲಿಕ್ಕಿಲ್ಲ. ಬಂದವರು ಮಾತ್ರ ಬೇಸರಪಟ್ಟು ಹೋಗುವುದಿಲ್ಲ, ಇನ್ನಿಬ್ಬರಿಗೆ ಹೇಳುತ್ತಾರೆ.

ಈ ವಾರ ಊರಿಗೋ ಗಲ್ಫ್‌ಗೋ ಕರೆ ಮಾಡಿದಾಗ ಒಂದು ಮಾತು ಕೇಳಿ ನೋಡಿ: ‘ನಿಮ್ಮ ಗಿರಾಕಿಗಳು ಹೆಚ್ಚಾಗಿ ಕೇಳುವ ಪ್ರಶ್ನೆ ಯಾವುದು?’ ಮೊದಲ ಲೇಖನದ ಶೀರ್ಷಿಕೆ ಆ ಉತ್ತರದಲ್ಲೇ ಸಿಗುತ್ತದೆ.