ಮಂಡಿಯೆಂದರೆ ಬಾಗಿಲ ಕೀಲಲ್ಲ

ಕಾಲೇಜಿನ ಮೈದಾನದಲ್ಲಿ ಕಬಡ್ಡಿ ಆಡುತ್ತಿದ್ದೆವು. ರೈಡ್ ಮುಗಿಸಿ ಮಧ್ಯರೇಖೆಯ ಕಡೆ ತಿರುಗಿದೆ. ಬಲಗಾಲು ನೆಲದಲ್ಲೇ ಊರಿತ್ತು, ಮೈ ಮಾತ್ರ ತಿರುಗಿತು. ಒಳಗೆಲ್ಲೋ 'ಟಪ್' ಎಂದಿತು. ಯಾರೂ ನನ್ನನ್ನು ಮುಟ್ಟಿರಲಿಲ್ಲ! ಸಂಜೆಯೊಳಗೆ ಮಂಡಿ ತೆಂಗಿನಕಾಯಿಯಂತೆ ಊದಿಕೊಂಡಿತು.

ಎಕ್ಸ್‌-ರೇ ತೆಗೆಸಿದೆ. ಮೂಳೆಗೆ ಏನೂ ಆಗಿರಲಿಲ್ಲ. ಅಷ್ಟು ಸಾಕೆಂದು ಹಾಸ್ಟೆಲ್‌ಗೆ ಬಂದು ಎಣ್ಣೆ ಹಚ್ಚಿಕೊಂಡು ಮಲಗಿದೆ. ಮನೆಗೆ ಹೇಳಲಿಲ್ಲ. 'ಓದೋಕೆ ಕಳಿಸಿದ್ದಾ, ಕುಣಿಯೋಕಾ?' ಎಂದು ಅಪ್ಪ ಕೇಳುವುದು ಖಚಿತವಿತ್ತು. ಲಿಗಮೆಂಟ್ ಎಕ್ಸ್‌-ರೇಯಲ್ಲಿ ಕಾಣುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಮೂರು ವಾರದ ನಂತರ ಮೆಟ್ಟಿಲಿಳಿಯುವಾಗ ಮಂಡಿ ಇದ್ದಕ್ಕಿದ್ದಂತೆ ಕೈಕೊಟ್ಟಿತು. ಈ ಸಲ ಎಂಆರ್‌ಐ ಮಾಡಿಸಿದರು. ಎಸಿಎಲ್ ಎಂಬ ಲಿಗಮೆಂಟ್ ಹರಿದಿತ್ತು, ಜೊತೆಗೆ ಮೆನಿಸ್ಕಸ್ ಕೂಡ.

ಮಂಡಿಯೆಂದರೆ ಬಾಗಿಲ ಕೀಲಿನಂತೆ ಮಡಚುವ, ಬಿಚ್ಚುವ ಸರಳ ಜೋಡಣೆ ಎಂದುಕೊಂಡಿದ್ದೆ. ಮೆಕ್ಯಾನಿಕಲ್ ಓದುವವನಿಗೆ ಇದು ನಾಚಿಕೆಯ ವಿಷಯವೇ. ತೊಡೆಮೂಳೆಯ ತುದಿ ಗುಂಡಗಿದೆ. ಅದು ಕೂರುವ ಕೆಳಗಿನ ಮೂಳೆಯ ತಲೆ ಹೆಚ್ಚುಕಡಿಮೆ ಚಪ್ಪಟೆ. ಕಾಲು ಮಡಚುವಾಗ ಗುಂಡುತುದಿ ಉರುಳುತ್ತಲೇ ಜಾರುತ್ತದೆ. ಬರೀ ಉರುಳಿದ್ದರೆ ಹಿಂದಿನ ಅಂಚಿನಿಂದ ಆಚೆ ಹೋಗಿಬಿಡುತ್ತಿತ್ತು. ಅದನ್ನು ಹದ್ದಿನಲ್ಲಿಡುವುದು ನಡುವೆ ಕತ್ತರಿಯಂತೆ ಅಡ್ಡಹಾದ ಎರಡು ಲಿಗಮೆಂಟ್‌ಗಳು. ಎರಡು ಮೂಳೆ, ಎರಡು ಹುರಿ. ಕೈನೆಮ್ಯಾಟಿಕ್ಸ್ ತರಗತಿಯಲ್ಲಿ ಚಿತ್ರ ಬರೆದು ಬರೆದು ಬೇಸತ್ತಿದ್ದ ಫೋರ್ ಬಾರ್ ಮೆಕ್ಯಾನಿಸಂ ನನ್ನ ಕಾಲಲ್ಲೇ ಇತ್ತು! ಒಂದು ಕೊಂಡಿ ಕಳಚಿದರೆ ಉಳಿದದ್ದು ಅಂಕೆ ತಪ್ಪುತ್ತದೆ. ಹಾಸ್ಟೆಲ್ ಮೆಟ್ಟಿಲ ಮೇಲೆ ಆದದ್ದೂ ಅದೇ.

ಮೆನಿಸ್ಕಸ್ ಎಂದರೆ ಆ ಮೂಳೆಗಳ ನಡುವಿನ ಅರ್ಧಚಂದ್ರಾಕಾರದ ಮೆತ್ತೆ. ಪ್ರತಿ ಮಂಡಿಯಲ್ಲೂ ಇಂಥವು ಎರಡಿವೆ. ಭಾರವನ್ನು ಹಂಚುವುದು ಇವುಗಳ ಕೆಲಸ. ಇವುಗಳ ಹೊರಅಂಚಿಗೆ ಮಾತ್ರ ರಕ್ತ ಹರಿಯುತ್ತದೆ. ಒಳಭಾಗ ಹರಿದರೆ ತಾನಾಗಿ ಕೂಡುವುದು ಕಷ್ಟ. ನನ್ನದು ಹರಿದಿರುವುದು ಒಳಭಾಗದಲ್ಲೇ. 'ಊದಿದ ದಿನವೇ ಬರಬೇಕಿತ್ತು' ಎಂದರು ವೈದ್ಯರು. ಅಪ್ಪ ಪಕ್ಕದಲ್ಲೇ ಇದ್ದರು. ನಾನು ತಲೆಯೆತ್ತಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಶಸ್ತ್ರಚಿಕಿತ್ಸೆ. ಅಲ್ಲಿಯವರೆಗೆ ತೊಡೆಯ ಸ್ನಾಯು ಸೊರಗದಂತೆ ನೋಡಿಕೊಳ್ಳಬೇಕು. ಸುತ್ತಿದ ಟವೆಲ್ಲನ್ನು ಮಂಡಿಯ ಕೆಳಗಿಟ್ಟು ಒತ್ತಿ ಹಿಡಿಯುತ್ತೇನೆ. ಊರಿಗೆ ಹೋದಾಗ ಅಮ್ಮನೂ ಪಕ್ಕದಲ್ಲಿ ಕಾಲು ಚಾಚಿ ಕೂರುತ್ತಾಳೆ. ಅವಳಿಗೂ ಮಂಡಿನೋವು. ಹತ್ತರವರೆಗೆ ಎಣಿಸುವವಳು ಅವಳೇ. ನಾನು ಏಳಕ್ಕೇ ಕಾಲು ಸಡಿಲಿಸಿದರೆ ಮತ್ತೆ ಒಂದರಿಂದ ಶುರು ಮಾಡುತ್ತಾಳೆ.