ಸಂಜೆಗೆ ಮನೆ ಸೇರುವಷ್ಟು ದೂರ

ಬೆಳಗಿನ ಒಂಬತ್ತರ ಹೊತ್ತಿಗೆ ಅಂಕೋಲೆಯ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಇಡೀ ತಾಲ್ಲೂಕೇ ಇಳಿದು ಬಂದಂತೆ ಕಾಣುತ್ತದೆ. ಘಟ್ಟದ ಬುಡದ ಸುಂಕಸಾಳ, ಅಚವೆ, ಹಿಲ್ಲೂರಿನ ಬಸ್ಸುಗಳು ಗಾಲಿಗೆ ಕೆಮ್ಮಣ್ಣು ಮೆತ್ತಿಕೊಂಡು ಬರುತ್ತವೆ. ಅವರ್ಸಾ, ಬೆಲೆಕೇರಿಯ ಟೆಂಪೊಗಳು ಕಡಲ ಬದಿಯವರನ್ನು ತುಂಬಿಕೊಂಡು ಬರುತ್ತವೆ. ಇಳಿಯುವವರಲ್ಲಿ ಬಹಳಷ್ಟು ಜನ ಹುಡುಗ ಹುಡುಗಿಯರು. ಬೆನ್ನಿಗೆ ಚೀಲ, ಚೀಲದೊಳಗೆ ಮನೆಯ ಬುತ್ತಿ. ಅದೇ ಬಸ್ಸಿನಿಂದ ಬಸಳೆ, ಹರಿವೆ, ಮೂಲಂಗಿಯ ಬುಟ್ಟಿ ಹೊತ್ತ ಹಾಲಕ್ಕಿ ಸಮುದಾಯದ ಹೆಂಗಸರೂ ಇಳಿಯುತ್ತಾರೆ. ಕೊರಳ ತುಂಬ ಮಣಿಸರ, ರವಿಕೆಯಿಲ್ಲದೆ ಹೆಗಲ ಮೇಲೆ ಗಂಟು ಹಾಕಿ ಉಟ್ಟ ಸೀರೆ. ಮಕ್ಕಳು ಕಾಲೇಜಿನ ಕಡೆ ಹೊರಟರೆ ಇವರು ಪೇಟೆಯ ಕಡೆ. ಸಂಜೆಯ ಬಸ್ಸಿಗೆ ಇಬ್ಬರೂ ಮತ್ತೆ ಒಟ್ಟಾಗುತ್ತಾರೆ.

ತೀರಾ ಸಾದಾ ನೋಟ. ಆದರೆ ಇದರ ಹಿಂದೆ ಎಪ್ಪತ್ತು ವರ್ಷಗಳ ಕೆಲಸವಿದೆ.

ಉತ್ತರ ಕನ್ನಡ ಜಿಲ್ಲೆಯ ಅಂಕೋಲೆ ಕಾರವಾರಕ್ಕೂ ಕುಮಟೆಗೂ ನಡುವಿನ ಊರು. ಎರಡೂ ಕಡೆಗೆ ಸುಮಾರು ಮೂವತ್ತೈದು ಕಿಲೋಮೀಟರು. ಇವತ್ತು ಹೆದ್ದಾರಿಯಲ್ಲಿ ಇದು ಮುಕ್ಕಾಲು ಗಂಟೆಯ ಹಾದಿ. ಆದರೆ ಐವತ್ತರ ದಶಕದಲ್ಲಿ ಗೇಣಿ ಭತ್ತ ಅಳೆದು ಕೊಟ್ಟ ಮೇಲೆ ಮಳೆಗಾಲಕ್ಕೆ ಅಕ್ಕಿ ಉಳಿದೀತೇ ಎಂದು ಎಣಿಸುತ್ತಿದ್ದ ಮನೆಗೆ ಮೂವತ್ತೈದು ಕಿಲೋಮೀಟರು ಎಂದರೆ ಪರವೂರಿನ ಬಾಡಿಗೆ ಕೋಣೆ, ಖಾನಾವಳಿಯ ಲೆಕ್ಕ, ಗದ್ದೆಯಲ್ಲಿ ಎರಡು ಕೈ ಕಡಿಮೆ. ಮಗಳನ್ನು ಕಳಿಸುವ ಮಾತನ್ನಂತೂ ಯಾರೂ ಎತ್ತುತ್ತಿರಲಿಲ್ಲ. ಕಾಲೇಜು ಕುಮಟೆಯಲ್ಲೋ ಧಾರವಾಡದಲ್ಲೋ ಇತ್ತು ನಿಜ. ಆದರೆ ಸಂಜೆಗೆ ಮನೆಗೆ ಮರಳಿ ಬರುವಷ್ಟು ಹತ್ತಿರದಲ್ಲಿ ಇರಲಿಲ್ಲ. ಬಡವರ ಓದನ್ನು ಬುದ್ಧಿಯಷ್ಟೇ ದೂರವೂ ತೀರ್ಮಾನಿಸುತ್ತದೆ ಎಂಬುದನ್ನು ಈ ಊರಿನ ಮಟ್ಟಿಗೆ ಸರಿಯಾಗಿ ಅರ್ಥ ಮಾಡಿಕೊಂಡವರು ದಿನಕರ ದೇಸಾಯಿ.

ಕನ್ನಡಿಗರಿಗೆ ಅವರು ಚುಟುಕ ಬ್ರಹ್ಮ. ನಾಲ್ಕೇ ಸಾಲಿನ ಚೌಪದಿಯಲ್ಲಿ ರಾಜಕಾರಣಿಯಿಂದ ಹಿಡಿದು ದೇವರವರೆಗೆ ಯಾರನ್ನೂ ಬಿಡದೆ ಮಾತಾಡಿಸಿದ ಕವಿ. ಅವರ ಮಕ್ಕಳ ಪದ್ಯಗಳನ್ನು ಬಾಯಿಪಾಠ ಮಾಡದ ತಲೆಮಾರು ಕರಾವಳಿಯಲ್ಲಿ ಸಿಗುವುದು ಕಷ್ಟ. ಆದರೆ ಅಂಕೋಲೆಯ ಹಳಬರ ನೆನಪಿನಲ್ಲಿ ಕವಿಗಿಂತ ಮೊದಲು ಬರುವುದು ರೈತರ ದಿನಕರ ದೇಸಾಯಿ. 1909ರಲ್ಲಿ ಅಂಕೋಲಾ ತಾಲ್ಲೂಕಿನಲ್ಲೇ ಹುಟ್ಟಿ, ಬೆಂಗಳೂರು, ಮೈಸೂರು, ಮುಂಬಯಿಗಳಲ್ಲಿ ಓದಿ, ಮುಂಬಯಿಯಲ್ಲಿ ಭಾರತ ಸೇವಕ ಸಮಾಜದ ಸದಸ್ಯರಾದವರು. ಅಲ್ಲಿ ಹಡಗು ಕಾರ್ಮಿಕರ ಸಂಘಟನೆ, ಇಲ್ಲಿ ಊರಿನಲ್ಲಿ ಗೇಣಿ ರೈತರ ಚಳವಳಿ. ಒಡೆಯರು ಇದನ್ನು ಸಹಿಸಲಿಲ್ಲ, ಸರಕಾರವೂ ಸಹಿಸಲಿಲ್ಲ. 1940ರಲ್ಲಿ ಬ್ರಿಟಿಷ್ ಆಡಳಿತ ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಹುಟ್ಟಿದೂರಿನ ಮಣ್ಣು ಮೆಟ್ಟಬಾರದೆಂಬ ಆಜ್ಞೆ ಹೊತ್ತು ಐದು ವರ್ಷ ಹೊರಗಿದ್ದ ಮನುಷ್ಯ, ಸ್ವಾತಂತ್ರ್ಯ ಬಂದ ಮೇಲೆ ಅದೇ ಮಣ್ಣಿಗೆ ಮರಳಿ ಶಾಲೆ ಕಟ್ಟಲು ನಿಂತರು.

1953ರಲ್ಲಿ ಅವರು ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಹೆಸರು ಉತ್ತರ ಕನ್ನಡದಲ್ಲಿ ಯಾರಿಗೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಂಕೋಲೆಯ ಪೀಪಲ್ಸ್ ಮಲ್ಟಿಪರ್ಪಸ್ ಹೈಸ್ಕೂಲು, ಅಂದರೆ ಎಲ್ಲರ ಬಾಯಲ್ಲಿ ಪಿ.ಎಂ. ಹೈಸ್ಕೂಲು, ಈ ಟ್ರಸ್ಟಿನದು. ಶಿರಾಲಿ, ಮುರ್ಡೇಶ್ವರ, ದಾಂಡೇಲಿಯ ಜನತಾ ವಿದ್ಯಾಲಯಗಳೂ ಇದರವೇ. ‘ಪೀಪಲ್ಸ್’, ‘ಜನತಾ’ ಎಂಬ ಹೆಸರುಗಳನ್ನೇ ಗಮನಿಸಿ. ಜಾತಿಯದಲ್ಲ, ಮಠದ್ದಲ್ಲ, ದಾನಿಯದೂ ಅಲ್ಲ. ಶಾಲೆಯ ಹಲಗೆ ಓದಿದ ಯಾವ ಮನೆಯವರಿಗೂ ಇದು ನಮ್ಮದಲ್ಲ ಅನ್ನಿಸಬಾರದೆಂಬ ಕಾಳಜಿ ಆ ಹೆಸರುಗಳಲ್ಲೇ ಇದೆ ಎಂದು ನನಗೆ ಕಾಣುತ್ತದೆ. ನಾಡವರು, ಹಾಲಕ್ಕಿಗಳು, ಕೋಮಾರಪಂತರು, ಅಂಬಿಗರು, ಖಾರ್ವಿಗಳು, ಆಗೇರರು ಹೀಗೆ ಕೇರಿಗೊಂದು ಸಮುದಾಯವಿರುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಆಮೇಲೆ ಬಂದದ್ದು ಕಾಲೇಜು: 1966ರಲ್ಲಿ, ಗೋಖಲೆ ಸೆಂಟಿನರಿ ಕಾಲೇಜು. ಊರವರಿಗೆ ಜಿ.ಸಿ. ಕಾಲೇಜು.

ಗೋಖಲೆಯವರ ಹೆಸರು ಇಲ್ಲಿಗೆ ಬಂದದ್ದಕ್ಕೆ ಕಾರಣವಿದೆ. ದೇಸಾಯಿಯವರು ಸೇರಿದ್ದ ಭಾರತ ಸೇವಕ ಸಮಾಜವನ್ನು 1905ರಲ್ಲಿ ಪುಣೆಯಲ್ಲಿ ಕಟ್ಟಿದವರು ಗೋಪಾಲಕೃಷ್ಣ ಗೋಖಲೆ. ಅವರು ಹುಟ್ಟಿದ್ದು 1866ರಲ್ಲಿ. ಶತಮಾನದ ನೆನಪಿಗೆ ಈ ಕಾಲೇಜು. ಈ ಹೆಸರಿನೊಳಗೆ ಇನ್ನೊಂದು ಕಥೆಯೂ ಇದೆ. ದೇಶದ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಲು ಅವಕಾಶ ಕೊಡುವ ಮಸೂದೆಯೊಂದನ್ನು ಗೋಖಲೆ 1911ರಲ್ಲಿ ಕೇಂದ್ರ ಶಾಸನ ಸಭೆಯ ಮುಂದಿಟ್ಟರು. ಮರುವರ್ಷ ಅದು ಮತಕ್ಕೆ ಬಂದಾಗ ಪರವಾಗಿ ಬಿದ್ದದ್ದು 13 ಮತ, ವಿರುದ್ಧ 38. ಬಡವರ ಮಕ್ಕಳು ಓದಿದರೆ ಹೊಲದ ಕೆಲಸಕ್ಕೆ ಯಾರು ಎಂಬ ಭಯ ಅಂದಿನ ಸಿರಿವಂತರಲ್ಲಿ ಬಲವಾಗಿತ್ತು. ಶಾಸನ ಸಭೆಯಲ್ಲಿ ಸೋತ ಆ ಆಸೆ ಐವತ್ತು ವರ್ಷಗಳ ಮೇಲೆ ಗಜನಿ ಗದ್ದೆಗಳ ಈ ಊರಿನಲ್ಲಿ ಇಟ್ಟಿಗೆ ಹಂಚುಗಳ ರೂಪ ತಾಳಿತು. ಗುರುವಿಗೆ ಪುತ್ಥಳಿ ನಿಲ್ಲಿಸದೆ ಗುರುವಿನ ಅರ್ಧಕ್ಕೆ ನಿಂತ ಕೆಲಸವನ್ನು ಮುಂದುವರಿಸಿದ ದೇಸಾಯಿಯವರ ಈ ರೀತಿ ನನಗೆ ಬಹಳ ಹಿಡಿಸುತ್ತದೆ.

ಕಾಲೇಜು ಶುರುವಾದ ಮರುವರ್ಷ, 1967ರಲ್ಲಿ, ಇದೇ ಜನ ದೇಸಾಯಿಯವರನ್ನು ಪಕ್ಷೇತರರನ್ನಾಗಿ ಲೋಕಸಭೆಗೆ ಕಳಿಸಿದರು. ಇತ್ತ ಅಂಕೋಲೆಯಿಂದ ಹೊರಡುತ್ತಿದ್ದ ಅವರ ‘ಜನಸೇವಕ’ ವಾರಪತ್ರಿಕೆಯಲ್ಲಿ ಚೌಪದಿಗಳು ಬರುತ್ತಿದ್ದವು. ಓದಲು ಬಾರದವರಿಗೂ ಅವು ತಲುಪುತ್ತಿದ್ದವು. ಯಾರೋ ಓದಿ ಹೇಳಿದರೆ ಸಾಕು, ನಾಲ್ಕು ಸಾಲು ನೆನಪಿನಲ್ಲಿ ಉಳಿದುಬಿಡುತ್ತದೆ. ಅವರು 1982ರ ನವೆಂಬರಿನಲ್ಲಿ ತೀರಿಕೊಂಡರು.

ಇನ್ನು 1974ರ ಮಾತು. ಆ ವರ್ಷದ ಮಾರ್ಚ್ 1ರಂದು ದೇವರಾಜ ಅರಸು ಸರಕಾರದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿಯ ಪದ್ಧತಿ ಕೊನೆಗೊಂಡು ಉಳುವವನೇ ಒಡೆಯನಾಗುವ ದಾರಿ ತೆರೆಯಿತು. ಆದರೆ ಕಾನೂನು ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ಭೂ ನ್ಯಾಯಮಂಡಳಿಗೆ ಏಳನೇ ನಮೂನೆಯ ಅರ್ಜಿ ಹಾಕಬೇಕಿತ್ತು, ಸರ್ವೆ ನಂಬರು ಬರೆಯಬೇಕಿತ್ತು, ವಿಚಾರಣೆಯ ದಿನ ಅಧಿಕಾರಿಗಳ ಎದುರು ನಿಂತು ಮಾತಾಡಬೇಕಿತ್ತು. ಹೈಸ್ಕೂಲಿಗೆ ಇಪ್ಪತ್ತು ವರ್ಷ, ಕಾಲೇಜಿಗೆ ಎಂಟು ವರ್ಷ ಆಗಿದ್ದ ತಾಲ್ಲೂಕಿನಲ್ಲಿ ಅರ್ಜಿ ಬರೆಯಬಲ್ಲ ಮಗ, ತಮ್ಮ, ನೆರೆಮನೆಯ ಹುಡುಗ ಇದ್ದೇ ಇದ್ದ. ಮೊದಲು ಓದು ಬಂದು, ಆಮೇಲೆ ಭೂಮಿ ಬಂದದ್ದು ಈ ಊರಿನ ಭಾಗ್ಯ ಎನ್ನುತ್ತೇನೆ. ಕ್ರಮ ತಿರುಗುಮುರುಗಾಗಿದ್ದರೆ ಎಷ್ಟು ಮನೆಗಳ ಅರ್ಜಿ ಇನ್ನೊಬ್ಬರ ಕೈಯಲ್ಲಿ ಉಳಿಯುತ್ತಿತ್ತೋ!

ಅಂಕೋಲೆಯವರಿಗೆ ಸಾರ್ವಜನಿಕ ಕೆಲಸವೆಂಬುದು ದೇಸಾಯಿಯವರಿಂದಲೇ ಶುರುವಾದದ್ದೂ ಅಲ್ಲ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಇಲ್ಲಿ ಉಪ್ಪಿನ ಕಾನೂನು ಮುರಿದರು. ಮುಂದಿನ ಕರನಿರಾಕರಣೆಯಲ್ಲಿ ಹಳ್ಳಿಗೆ ಹಳ್ಳಿಯೇ ಜಮೀನು, ದನ, ಪಾತ್ರೆ ಪಗಡಿ ಜಪ್ತಿಗೆ ಕೊಟ್ಟು ನಿಂತಿತು. ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಬಂದದ್ದು ಆಗ. ಊರಿನ ಸ್ವಾತಂತ್ರ್ಯ ಸಂಗ್ರಾಮ ಸ್ಮಾರಕ ಭವನದಲ್ಲಿ ಈಗ ಪುಸ್ತಕ ಬಿಡುಗಡೆ, ಸಭೆ, ಸನ್ಮಾನಗಳು ನಡೆಯುತ್ತವೆ. ಜೈಹಿಂದ್ ಮೈದಾನದಲ್ಲಿ ಒಂದು ರಾತ್ರಿ ಯಕ್ಷಗಾನದ ಚೆಂಡೆ ಕೇಳಿದರೆ ಇನ್ನೊಂದು ಸಂಜೆ ಹುಡುಗರ ಕ್ರಿಕೆಟ್ಟಿನ ಗದ್ದಲ. ಪಕ್ಕದ ಅಂಬಾರಕೊಡ್ಲದಂಥ ಹಳ್ಳಿಯಲ್ಲಿ ಕೂತು, ಈಗ ನಮ್ಮೊಂದಿಗಿಲ್ಲದ ಲೇಖಕ ವಿಷ್ಣು ನಾಯ್ಕರು ರಾಘವೇಂದ್ರ ಪ್ರಕಾಶನ ನಡೆಸಿ ಜಿಲ್ಲೆಯ ಎಷ್ಟೋ ಬರಹಗಾರರ ಪುಸ್ತಕ ತಂದರು. ಬರೆದದ್ದನ್ನು ಅಚ್ಚು ಹಾಕಿಸಲು ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ ಎಂಬ ಧೈರ್ಯ ಅದರಿಂದ ಬಂತು.

ಕಾಲೇಜಿನ ಊರಿನಲ್ಲಿ ಕಾಲೇಜಿನ ಗೇಟು ದಾಟದವರನ್ನು ಊರು ಹೇಗೆ ಕಾಣುತ್ತದೆ ಎಂಬುದನ್ನು ನಾನು ಎಲ್ಲಿ ಹೋದರೂ ನೋಡುತ್ತೇನೆ. ಅಂಕೋಲೆಯಲ್ಲಿ ಈ ಪ್ರಶ್ನೆಗೆ ಇಬ್ಬರು ಅಜ್ಜಿಯರ ಹೆಸರಿನಲ್ಲಿ ಉತ್ತರ ಸಿಗುತ್ತದೆ. ಇಬ್ಬರೂ ಹಾಲಕ್ಕಿಗಳು, ಇಬ್ಬರೂ ಶಾಲೆ ಕಲಿತವರಲ್ಲ.

ಹೊನ್ನಳ್ಳಿಯ ತುಳಸಿ ಗೌಡ ಮಾಸ್ತಿಕಟ್ಟೆಯ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ಸೇರಿ ದಶಕಗಟ್ಟಲೆ ದುಡಿದವರು. ಯಾವ ಬೀಜ ಎಂದು ಹೆಕ್ಕಬೇಕು, ತಾಯಿಮರ ಯಾವುದು, ಮೊಳಕೆಗೆ ಎಷ್ಟು ನೀರು ಎಂಬುದೆಲ್ಲ ಅವರಿಗೆ ಬೆರಳ ತುದಿಯ ವಿದ್ಯೆ. ಕಾಡಿನ ಬೀಜ ಎತ್ತುವುದು ಸುಲಭದ ಕೆಲಸವಲ್ಲ. ಮರದ ಮೇಲೆ ಹಣ್ಣಾಗಿ, ನೆಲಕ್ಕೆ ಬಿದ್ದು ಹುಳ ಹಿಡಿಯುವ ಮೊದಲಿನ ಕೆಲವೇ ದಿನಗಳಲ್ಲಿ ಅದನ್ನು ಹಿಡಿಯಬೇಕು. ಅದಕ್ಕೆ ಆ ಮರದ ಹತ್ತಿರ ವರ್ಷವಿಡೀ ಓಡಾಡಿ ಗೊತ್ತಿರಬೇಕು. 2021ರ ನವೆಂಬರಿನಲ್ಲಿ ಅವರು ತಮ್ಮ ಎಂದಿನ ಉಡುಗೆಯಲ್ಲಿ, ಬರಿಗಾಲಲ್ಲಿ ರಾಷ್ಟ್ರಪತಿ ಭವನದಲ್ಲಿ ನಡೆದು ಹೋಗಿ ಪದ್ಮಶ್ರೀ ಸ್ವೀಕರಿಸಿದ ಚಿತ್ರವನ್ನು ದೇಶವೆಲ್ಲ ನೋಡಿತು. ಅಂಕೋಲೆಯ ಪೇಟೆಗೆ ಆ ಉಡುಗೆ ದಿನಬೆಳಗಾದರೆ ಕಾಣುವಂಥದ್ದು.

ಬಡಗೇರಿಯ ಸುಕ್ರಿ ಬೊಮ್ಮಗೌಡರದು ಹಾಡಿನ ದಾರಿ. ನೆಟ್ಟಿಯ ಹಾಡು, ಮದುವೆಯ ಹಾಡು, ತಾರ್ಲೆಯ ಪದ, ಒಂದಕ್ಕೆ ಇನ್ನೊಂದು ಕೊಂಡಿ ಹಾಕಿ ಗಂಟೆಗಟ್ಟಲೆ ಹಾಡುತ್ತಿದ್ದ ಅವರ ಎದೆಯಲ್ಲಿ ಎಷ್ಟಿದ್ದವೋ. ಹೆಂಡ ಸಾರಾಯಿ ಮನೆಗಳನ್ನು ತಿಂದು ಹಾಕುವುದನ್ನು ಕಂಡು ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ವಿರೋಧಿ ಹೋರಾಟಕ್ಕೂ ಇಳಿದರು. 2017ರಲ್ಲಿ ಪದ್ಮಶ್ರೀ ಬಂತು. ಜಾನಪದದ ವಿಷಯದಲ್ಲಿ ಈ ಕರಾವಳಿಯ ಕಾಲೇಜು ಮೇಷ್ಟ್ರುಗಳನ್ನು ನೆನೆಯಲೇಬೇಕು. ಕುಮಟೆಯ ಎಲ್.ಆರ್. ಹೆಗಡೆ, ಹೊನ್ನಾವರದ ಎನ್.ಆರ್. ನಾಯಕ ಇವರೆಲ್ಲ ತರಗತಿ ಮುಗಿಸಿ ಹಳ್ಳಿಯ ಜಗುಲಿಗಳಿಗೆ ಹೋಗಿ ಕೂತು, ಅಕ್ಷರ ಬಾರದ ಅವ್ವಂದಿರು ಹೇಳಿದ ಪದಗಳನ್ನು ಬರೆದುಕೊಂಡವರು. ಕಾಲೇಜು ಮತ್ತು ಹಾಲಕ್ಕಿ ಕೊಪ್ಪಗಳ ನಡುವಿನ ಹಾದಿ ಇಲ್ಲಿ ಎರಡೂ ಕಡೆಯಿಂದ ಸವೆದಿದೆ.

ತುಳಸಜ್ಜಿ 2024ರ ಡಿಸೆಂಬರಿನಲ್ಲಿ ಹೋದರು, ಎರಡೇ ತಿಂಗಳಲ್ಲಿ, 2025ರ ಫೆಬ್ರವರಿಯಲ್ಲಿ, ಸುಕ್ರಜ್ಜಿಯೂ ಹೋದರು. ಒಂದೇ ಚಳಿಗಾಲದಲ್ಲಿ ಇಬ್ಬರನ್ನು ಕಳೆದುಕೊಂಡ ಊರು ಅದರ ಬೆನ್ನಿಗೇ ಬಂದ ಸುಗ್ಗಿಯನ್ನು ಕುಣಿಯಿತು. ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ಹಾಲಕ್ಕಿ ಗಂಡಸರು ತಲೆಗೆ ಬಣ್ಣದ ತುರಾಯಿ ಕಟ್ಟಿ, ಗುಮಟೆ ವಾದ್ಯದ ದನಿಗೆ ಮನೆ ಮನೆಯ ಅಂಗಳದಲ್ಲಿ ಕುಣಿಯುವ ಹಬ್ಬ ಇದು. ಬೆಳಂಬಾರದ ತಂಡ ಅಂಕೋಲೆಗೆ ಬಂದು ತಹಶೀಲ್ದಾರ ಕಚೇರಿಯ ಮುಂದೆ ಕುಣಿಯುವ ರೂಢಿಯಿದೆ. ಫೈಲು ಮುಚ್ಚಿ ಹೊರಬಂದ ಗುಮಾಸ್ತರು, ಕೆಲಸಕ್ಕೆ ಬಂದ ರೈತರು, ದಾರಿಯಲ್ಲಿ ಹೋಗುತ್ತಿದ್ದ ವಿದ್ಯಾರ್ಥಿಗಳು ಎಲ್ಲ ಸುತ್ತ ನಿಲ್ಲುತ್ತಾರೆ.

ಅಂಕೋಲೆಯನ್ನು ನೋಡಬೇಕೆಂದಿರುವವರು ವೈಶಾಖದಲ್ಲಿ ಹೋಗುವುದು ಒಳ್ಳೆಯದು. ಶಾಂತಾದುರ್ಗೆಯ ಬಂಡಿಹಬ್ಬ ಆಗಲೇ, ಪರವೂರಿಗೆ ಹೋದ ಮಕ್ಕಳು ರಜೆಗೆ ಬರುವುದೂ ಆಗಲೇ, ಇಶಾಡ ಮಾವಿನ ಕಾಲವೂ ಅದೇ. ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿದೆ. ಅಂಕೋಲೆಯ ಹೆಸರನ್ನೇ ಹೊತ್ತ ಹಣ್ಣಿಗೆ ಸಿಕ್ಕ ಮಾನ್ಯತೆ. ಹೆದ್ದಾರಿಯ ಬದಿಯ ನೆರಳಲ್ಲಿ ಹುಲ್ಲು ಹಾಸಿದ ಬುಟ್ಟಿಗಳಲ್ಲಿ ಅದನ್ನು ಮಾರುವವರು ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಕಂಡ ಅದೇ ಹಾಲಕ್ಕಿ ಹೆಂಗಸರು. ಸಿಪ್ಪೆ ತೆಳ್ಳಗಿದ್ದು ಒಳಗೆ ತಿರುಳು ತುಂಬಿದ್ದರೆ ಕರಿ ಇಶಾಡ. ಸಿಪ್ಪೆ ದಪ್ಪವಿದ್ದು ಸಿಹಿ ಕೊಂಚ ಕಡಿಮೆಯಾದರೆ ಬಿಳಿ ಇಶಾಡ. ಹೊರಗಿನಿಂದ ಬಂದವರಿಗೆ ಗುರುತು ಸಿಗುವುದಿಲ್ಲ, ಬುಟ್ಟಿಯ ಮುಂದೆ ಕೂತ ಅಜ್ಜಿಯನ್ನೇ ಕೇಳಬೇಕು. ಸಂಜೆಯ ಬಸ್ಸು ಹೊರಡುವ ಮೊದಲೇ ಕೇಳಿ.