ಮಣ್ಣಿನ ಮಾಳಿಗೆಗೆ ಗೆರೆ ಎಳೆಯುವುದು ಹೇಗೆ?

ನವಲಗುಂದ ತಾಲ್ಲೂಕಿನ ತಿರ್ಲಾಪುರದಂಥ ಊರನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬಿಡಿಸಲು ಕೂತರೆ ಮೊದಲು ಕಾಡುವುದು ಮಾಳಿಗೆ ಮನೆಗಳು. ಎರೆಸೀಮೆಯ ಹಳೇ ಮನೆಗಳಿಗೆ ಮೇಲ್ಮುದ್ದೆಯೂ ಮಣ್ಣಿನದೇ. ಉಪಗ್ರಹ ಚಿತ್ರದಲ್ಲಿ ಮಾಳಿಗೆ, ಅಂಗಳ, ಓಣಿ ಎಲ್ಲಕ್ಕೂ ಒಂದೇ ಬಣ್ಣ. ಗೋಡೆಗೆ ಗೋಡೆ ಹತ್ತಿಸಿ ಕಟ್ಟಿದ್ದರಂತೂ ಯಾವ ಮನೆ ಎಲ್ಲಿ ಮುಗಿಯಿತೆಂದು ಹೇಳುವುದೇ ಕಷ್ಟ. ತಗಡಿನ ಶೆಡ್ಡು, ಆರ್‌ಸಿಸಿ ಮನೆ ಥಟ್ಟನೆ ಕಣ್ಣಿಗೆ ಬೀಳುತ್ತವೆ. ಹೀಗಾಗಿ ನಕ್ಷೆಯಲ್ಲಿ ಹೊಸ ಬಡಾವಣೆ ಮುಂದೆ, ಹಳೇ ಊರು ಹಿಂದೆ.

2004ರಲ್ಲಿ ಬ್ರಿಟನ್ನಿನ ಸ್ಟೀವ್ ಕೋಸ್ಟ್ ಶುರು ಮಾಡಿದ ಈ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು. ಬ್ರೌಸರಿನಲ್ಲೇ ತೆರೆಯುವ 'ಐಡಿ' ಎಂಬ ತಿದ್ದುಪಡಿ ಸಾಧನ 2013ರಲ್ಲಿ ಬಂತು. ಅದರಲ್ಲಿ ಬಿ ಕೀಲಿ ಒತ್ತಿದರೆ ಹಿನ್ನೆಲೆ ಚಿತ್ರಗಳ ಪಟ್ಟಿ ತೆರೆಯುತ್ತದೆ: ಬಿಂಗ್, ಎಸ್ರಿ ಹೀಗೆ. ಬಿಂಗ್ ಚಿತ್ರದ ಮೇಲೆ ಗೆರೆ ಎಳೆಯಲು ಮೈಕ್ರೋಸಾಫ್ಟ್ 2010ರಲ್ಲೇ ಒಪ್ಪಿಗೆ ಕೊಟ್ಟಿದೆ. ಗೂಗಲ್ ಮ್ಯಾಪ್ ನೋಡಿ ನಕಲು ಮಾಡುವಂತಿಲ್ಲ, ಅದರ ಪರವಾನಗಿಯೇ ಬೇರೆ.

ಬಿಡಿಸಲು ಇರುವುದು ಬಿಂದು, ಗೆರೆ, ಪ್ರದೇಶ, ಇಷ್ಟೇ. ಮನೆಯ ಸುತ್ತ ಒರಟಾಗಿ ಗೆರೆ ಎಳೆದು ಕ್ಯೂ ಒತ್ತಿದರೆ ಮೂಲೆಗಳು ತಾವೇ ಚೌಕಕ್ಕೆ ಬರುತ್ತವೆ. ಮಾಳಿಗೆ ಮನೆಯ ಅಂಚು ಹುಡುಕಲು ನೆರಳನ್ನು ನಂಬಬೇಕು. ಒಂದು ಚಿತ್ರದಲ್ಲಿ ಅಡಗಿದ ಗೋಡೆ, ಬೇರೆ ಹೊತ್ತಿನಲ್ಲಿ ತೆಗೆದ ಇನ್ನೊಂದರಲ್ಲಿ ಸಿಗಬಹುದು. ಆದರೆ ಎರಡು ಚಿತ್ರಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತವೆಂಬ ಭರವಸೆಯಿಲ್ಲ, ಕೆಲವು ಮೀಟರ್ ಆಚೀಚೆ ಸರಿದಿರುತ್ತವೆ. ಆಗ ಹಲವರ ಜಿಪಿಎಸ್ ಜಾಡು ನೋಡಿ ಚಿತ್ರವನ್ನು ಸರಿಸಬೇಕು. ಹೊಸ ಚಿತ್ರ ಬಂತೆಂದು ಊರನ್ನೇ ಪಕ್ಕಕ್ಕೆ ಎಳೆದು ಕೂರಿಸುವ ಉತ್ಸಾಹಿಗಳೂ ಇದ್ದಾರೆ!

ಮನೆಗಳದ್ದು ಹೇಗೋ ಆದೀತು, ನಿಜವಾದ ಪೇಚು ಹಳ್ಳ ಮತ್ತು ಹೊಲದ ದಾರಿಯದು. ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿದರೆ ಈ ತಾಲ್ಲೂಕಿನ ಹೊಲಗಳ ಗತಿ ಏನಾಗುತ್ತದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಮೋಡವಿಲ್ಲದ ಬೇಸಿಗೆಯ ಚಿತ್ರದಲ್ಲೋ, ಇಂಥ ಹಳ್ಳ ಬರೀ ಸಣ್ಣ ಗೀಟು. ಸಣ್ಣಪುಟ್ಟ ಹಳ್ಳಗಳಿಗಾದರೆ 'ಕೆಲವು ಕಾಲ ಮಾತ್ರ ಹರಿಯುವುದು' ಎಂಬ ಗುರುತು ಹಾಕಲು ಅವಕಾಶವಿದೆ, ಹಾಕಲೇಬೇಕು. ಹೊಲದ ದಾರಿಯೂ ಅಷ್ಟೇ. ಚಿತ್ರದಲ್ಲಿ ನೆಟ್ಟಗೆ, ಸ್ಪಷ್ಟವಾಗಿ ಕಾಣುತ್ತದೆ. ಮುಂಗಾರಿನ ಎರಡು ಮಳೆ ಬಿದ್ದರೆ ಎರೆಮಣ್ಣು ಟ್ರ್ಯಾಕ್ಟರ್ ಗಾಲಿಯನ್ನೇ ಹಿಡಿದು ಕೂರುತ್ತದೆ. ದಾರಿಯ ಮೇಲ್ಮೈ 'ಮಣ್ಣು' ಎಂದು ತುಂಬದೆ ಬಿಟ್ಟರೆ, ಹೊರಗಿನಿಂದ ಬರುವ ಚಾಲಕನಿಗೆ ಆ ಗೆರೆ ಬಲೆಯೇ.

ಸರ್ವೆ ನಂಬರಿನ ಗಡಿಗಾದರೆ ರಾಜ್ಯದ ದೂರಸಂವೇದಿ ಕೇಂದ್ರದ 'ದಿಶಾಂಕ್' ಆ್ಯಪ್ ಇದೆ, ರೈತರು ಮೊಬೈಲಿನಲ್ಲಿ ನೋಡುತ್ತಾರೆ. ಅದು ನೋಡಲು ಮಾತ್ರ. ಓಣಿ, ಗುಡಿ, ಕೆರೆಯ ಹೆಸರನ್ನು ಕನ್ನಡದಲ್ಲಿ ತುಂಬಿಸುವ ಖಾನೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿದೆ. ಆ ಹೆಸರುಗಳು ಆಕಾಶದಿಂದ ಕಾಣುವುದಿಲ್ಲ, ಊರವರನ್ನೇ ಕೇಳಬೇಕು. ಕೆಲಸ ಮುಗಿಸಿ ಉಳಿಸುವಾಗ ಒಂದು ಟಿಪ್ಪಣಿ ಕೇಳುತ್ತದೆ. ಹೆಚ್ಚಿನವರು 'ಮನೆ ಸೇರಿಸಿದೆ' ಎಂದಷ್ಟೇ ಬರೆದು ಕೈತೊಳೆದುಕೊಳ್ಳುತ್ತಾರೆ. 'ಬೇಸಿಗೆಯ ಬಿಂಗ್ ಚಿತ್ರ ನೋಡಿ ಬಿಡಿಸಿದ್ದು, ದಾರಿಯನ್ನು ಮಳೆಗಾಲದಲ್ಲಿ ಪರಿಶೀಲಿಸಿ' ಎಂದು ಬರೆದರೆ, ಮುಂದೆ ತಿದ್ದುವವರಿಗೆ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗುತ್ತದೆ.